ವೈರ್‌ಲೆಸ್ ಟಚ್ ಪ್ರೋಬ್ ಕಿಟ್: ರೇಡಿಯೊ ಪಾಸ್, ಗುಂಡುಗಳು ಫೇಲ್

ಮನೆಯ ಸಿಎನ್‌ಸಿ ಮೆಷಿನ್‌ಗೆ (ಕಂಪ್ಯೂಟರ್ ಹೇಳಿದಂತೆ ಮರ, ಲೋಹ ಕೊರೆಯುವ ಯಂತ್ರ) ವೈರ್‌ಲೆಸ್ ಟಚ್ ಪ್ರೋಬ್, ಅಂದರೆ ಕೆಲಸದ ತುಂಡನ್ನು ಮುಟ್ಟಿ ಅದರ ಜಾಗ ಅಳೆಯುವ ಸಾಧನ, ಜೋಡಿಸಿಕೊಳ್ಳಲು ಬ್ರಾಂಡ್ ಹೆಸರಿಲ್ಲದ ಕಿಟ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಅಂಥ ಒಂದು ಕಿಟ್‌ನ ವಿಮರ್ಶೆ ಇದು. ಡಬ್ಬಿಯೊಳಗೆ ಇರುವುದು ಇಷ್ಟು: 6 ಮಿ.ಮೀ. ಶ್ಯಾಂಕ್ (ಮೆಷಿನ್ ಹಿಡಿಯುವ ದಂಡು) ಇರುವ ಅಲ್ಯೂಮಿನಿಯಂ ಬಾಡಿ, 3 ಮಿ.ಮೀ.ಯ ಮೂರು ಸ್ಟೀಲ್ ಪಿನ್ನು, 5 ಮಿ.ಮೀ.ಯ ಆರು ಬೇರಿಂಗ್ ಗುಂಡು, ಒಂದು ಸ್ಪ್ರಿಂಗು, ತುದಿಯಲ್ಲಿ 2 ಮಿ.ಮೀ. ಮಾಣಿಕ್ಯದ ಗುಂಡಿರುವ ಎಂ2 ಥ್ರೆಡ್ಡಿನ ಸ್ಟೈಲಸ್ (ಮುಟ್ಟುವ ಕಡ್ಡಿ), 3.3 ವೋಲ್ಟಿನ ಆರ್ಡುಯಿನೊ ಪ್ರೊ ಮಿನಿ (ಪ್ರೋಗ್ರಾಂ ಓಡಿಸುವ ಪುಟ್ಟ ಬೋರ್ಡು), ರಿಸೀವರಿಗೆ ಅಂಥದೇ ಒಂದು ನ್ಯಾನೊ, ಎರಡು ಎನ್‌ಆರ್‌ಎಫ್24ಎಲ್01 ಪ್ಲಸ್ ರೇಡಿಯೊ ಮಾಡ್ಯೂಲು, ಸಿಆರ್2032 ಬಟನ್ ಸೆಲ್ ಕೂರುವ ಹೋಲ್ಡರ್.

ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ, ‘ರೇಡಿಯೊದಲ್ಲಿ ಸಿಗ್ನಲ್ ತಡವಾಗಿ ಬಂದರೆ ಅಳತೆ ತಪ್ಪುವುದಿಲ್ಲವೇ?’ ಆ ಹೆದರಿಕೆ ಬೇಡ. ಮಂಗಳೂರು, ಉಡುಪಿ ಕಡೆ ಈ ಕಿಟ್ ಕೈಕೊಡುವುದು ಬೇರೆ ಎರಡು ಜಾಗದಲ್ಲಿ: ಉಪ್ಪುಗಾಳಿಗೆ ತುಕ್ಕು ಹಿಡಿಯುವ ಆ ಆರು ಗುಂಡುಗಳಲ್ಲಿ, ಮತ್ತು ಸೆಲ್ ಸತ್ತುಹೋದರೂ ‘ಎಲ್ಲ ಸರಿ ಇದೆ’ ಎಂದೇ ಹೇಳುತ್ತಿರುವ ಅದರ ಪ್ರೋಗ್ರಾಂನಲ್ಲಿ. ಎರಡನ್ನೂ ಸರಿಪಡಿಸಿಕೊಳ್ಳಬಹುದು, ಸರಿಪಡಿಸಿಕೊಂಡರೆ ಒಳ್ಳೆಯ ಸಾಧನ. ಬಂದ ಹಾಗೇ ಜೋಡಿಸಿದರೆ ಜುಲೈ ದಾಟುವುದು ಕಷ್ಟ.

ಯಾರಿಗೆ ಇದು ಬೇಡ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಿಮ್ಮದು 3018 ಮಾದರಿಯ ಚಿಕ್ಕ ಮೆಷಿನ್ ಆದರೆ ಅದರ ಝಡ್ (ಮೇಲೆ-ಕೆಳಗಿನ) ಓಟ ಸುಮಾರು 45 ಮಿ.ಮೀ. ಮಾತ್ರ. ಶ್ಯಾಂಕನ್ನು ಹಿಡಿಯುವ ಕೋಲೆಟ್ಟಿನಿಂದ ಸ್ಟೈಲಸ್ ತುದಿಯವರೆಗೆ ಈ ಪ್ರೋಬ್ 100 ಮಿ.ಮೀ. ಹತ್ತಿರ ಇಳಿಯುತ್ತದೆ. ಕೆಳಗೆ ಕೆಲಸದ ತುಂಡು ಇಡಲು ಜಾಗವೇ ಉಳಿಯುವುದಿಲ್ಲ. ಅಷ್ಟು ಸಣ್ಣ ಮೇಜಿಗೆ ಒಂದು ಟಚ್ ಪ್ಲೇಟು, ಒಂದು ಮೊಸಳೆ ಕ್ಲಿಪ್ಪು ಸಾಕು. 600 ಮಿ.ಮೀ.ಗಿಂತ ದೊಡ್ಡ ಮೇಜು, 1.5 ಅಥವಾ 2.2 ಕಿಲೋವಾಟ್ ಸ್ಪಿಂಡಲ್ (ಕತ್ತರಿಸುವ ಬಿಟ್ ತಿರುಗಿಸುವ ಮೋಟರ್), ಅದಕ್ಕೆ ವೇಗ ಹೊಂದಿಸುವ ವಿಎಫ್‌ಡಿ ಇರುವವರಿಗೆ ಮಾತ್ರ ವೈರ್‌ಲೆಸ್‌ನಿಂದ ನಿಜವಾದ ಲಾಭ. ಪ್ರೋಬಿನ ವೈರು ವಿಎಫ್‌ಡಿ ಕೇಬಲಿನ ಪಕ್ಕದಲ್ಲೇ ಡ್ರ್ಯಾಗ್ ಚೈನಿನಲ್ಲಿ (ಕೇಬಲ್ ಹೊರುವ ಸರಪಳಿ) ಎರಡು ಮೂರು ಮೀಟರ್ ಓಡಿದರೆ ಮುಟ್ಟದೆಯೇ ‘ಮುಟ್ಟಿತು’ ಎನ್ನುವ ಸುಳ್ಳು ಸಿಗ್ನಲ್ ಬರುತ್ತದೆ. ವೈರೇ ಇಲ್ಲದಿದ್ದರೆ ಆ ಕಾಟವಿಲ್ಲ. ಇನ್ನೊಂದು ಲಾಭ, ಪ್ರೋಬನ್ನು ಸ್ಪಿಂಡಲಿನಲ್ಲಿಟ್ಟು ಕೈಯಲ್ಲಿ 180 ಡಿಗ್ರಿ ತಿರುಗಿಸಿ ಮತ್ತೊಮ್ಮೆ ಅಳೆಯಬಹುದು. ಇದರ ಉಪಯೋಗ ಮುಂದೆ ಬರುತ್ತದೆ.

ಬಾಡಿಯ ಒಳಗಿನ ತತ್ತ್ವ ಹಳೆಯದು. 1972ರಲ್ಲಿ ರೋಲ್ಸ್ ರಾಯ್ಸ್‌ನಲ್ಲಿದ್ದ ಡೇವಿಡ್ ಮೆಕ್‌ಮರ್ಟ್ರಿ ಕಾನ್‌ಕಾರ್ಡ್ ವಿಮಾನದ ಒಲಿಂಪಸ್ ಎಂಜಿನ್ನಿನ ಇಂಧನ ಪೈಪುಗಳನ್ನು ಅಳೆಯಲು ಕಟ್ಟಿದ ಪ್ರೋಬಿನಿಂದ ಇಂದಿನ ಟಚ್ ಪ್ರೋಬ್‌ಗಳ ವಂಶ ಶುರುವಾಗುತ್ತದೆ. 120 ಡಿಗ್ರಿಗೊಂದರಂತೆ ಚಾಚಿದ ಮೂರು ಪಿನ್ನು, ಪ್ರತಿ ಪಿನ್ನೂ ಎರಡೆರಡು ಗುಂಡಿನ ಮೇಲೆ ಕೂರುತ್ತದೆ. ಹೀಗೆ ಕೂತದ್ದು ಎಷ್ಟು ಸಲ ಎದ್ದರೂ ಅದೇ ಜಾಗಕ್ಕೆ ಮರಳುತ್ತದೆ. ವಿದ್ಯುತ್ ಲೆಕ್ಕದಲ್ಲಿ ಇವು ಸಾಲಾಗಿ ಜೋಡಿಸಿದ ಮೂರು ಸ್ವಿಚ್ಚು. ಸುಮ್ಮನಿದ್ದಾಗ ಸರ್ಕಿಟ್ ಮುಚ್ಚಿರುತ್ತದೆ, ಸ್ಟೈಲಸ್ ಎಲ್ಲಿ ತಾಗಿದರೂ ಒಂದಾದರೂ ಪಿನ್ನು ಎದ್ದು ಸರ್ಕಿಟ್ ತೆರೆಯುತ್ತದೆ. ಮೆಕಾನಿಕಲ್ ಭಾಗದಲ್ಲಿ ಈ ಕಿಟ್‌ಗೆ ಒಳ್ಳೆಯ ಅಂಕವನ್ನೇ ಕೊಡಬೇಕು. ಗುಂಡುಗಳ ತೂತಿನ ಅಂತರ ಸರಿಯಾಗಿದೆ, ಸ್ಪ್ರಿಂಗಿನ ಬಿಗಿ ಹೊಂದಿಸಲು ಮೇಲೊಂದು ತಿರುಪು ಇದೆ. ತಪ್ಪಿರುವುದು ಲೋಹದ ಆಯ್ಕೆಯಲ್ಲಿ.

ಕೊಟ್ಟಿರುವ ಗುಂಡು ಸಾಮಾನ್ಯ ಕ್ರೋಮ್ ಸ್ಟೀಲ್. ಬೆಂಗಳೂರಿನಲ್ಲಿ ಬಹುಶಃ ವರ್ಷಗಟ್ಟಲೆ ನಡೆದೀತು. ಇಲ್ಲಿ ಕರಾವಳಿಯಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಬರಿಮೈ ಸ್ಟೀಲಿನ ಕತೆ ಕೇಳುವುದೇ ಬೇಡ. ಗುಂಡಿಗೂ ಪಿನ್ನಿಗೂ ತಾಗುವ ಜಾಗ ಸೂಜಿಮೊನೆಯಷ್ಟು, ಅಲ್ಲಿ ತುಕ್ಕಿನ ತೆಳುಪದರ ಕಣ್ಣಿಗೆ ಕಾಣುವ ಮೊದಲೇ ವಿದ್ಯುತ್ತನ್ನು ತಡೆಯುತ್ತದೆ. ಲಕ್ಷಣ ಹೀಗಿರುತ್ತದೆ: ಬೆಳಿಗ್ಗೆ ಪ್ರೋಬ್ ಸರಿ ಇರುತ್ತದೆ, ನಾಲ್ಕು ಸಲ ಮುಟ್ಟಿದ ಮೇಲೆ ಪಿನ್ನು ಮರಳಿ ಕೂತರೂ ಸರ್ಕಿಟ್ ಮುಚ್ಚುವುದಿಲ್ಲ, ಮೆಷಿನ್ ನಡೆಸುವ ಜಿಆರ್‌ಬಿಎಲ್ ಪ್ರೋಗ್ರಾಂ ‘ಅಲಾರಂ 4’ (ಮುಟ್ಟುವ ಮೊದಲೇ ಪ್ರೋಬ್ ಮುಟ್ಟಿದಂತಿದೆ) ಎನ್ನುತ್ತದೆ. ಬೆರಳಲ್ಲಿ ಸ್ಟೈಲಸನ್ನು ಟಕ್ ಅಂತ ತಟ್ಟಿದರೆ ಸರಿಯಾಗುತ್ತದೆ. ತಟ್ಟಿ ಸರಿಮಾಡುವ ಸ್ಥಿತಿಗೆ ಬಂದ ಪ್ರೋಬಿನ ಅಳತೆಯನ್ನು ನಂಬಬೇಡಿ.

ಕಿಟ್‌ನ ಕೈಪಿಡಿ ಗುಂಡುಗಳನ್ನು ಬೋರ್ಡಿಗೆ ಬೆಸುಗೆ ಹಾಕಲು ಹೇಳುತ್ತದೆ. ರೋಸಿನ್ ಫ್ಲಕ್ಸಿಗೆ ಕ್ರೋಮ್ ಸ್ಟೀಲ್ ಬಗ್ಗುವುದಿಲ್ಲ, ಜಿಂಕ್ ಕ್ಲೋರೈಡ್ ಫ್ಲಕ್ಸ್ ಬೇಕು. ಬೆಸುಗೆ ಕೂರುತ್ತದೆ, ಆದರೆ ಉಳಿದ ಫ್ಲಕ್ಸ್ ಗಾಳಿಯ ತೇವ ಎಳೆದುಕೊಂಡು ಗುಂಡನ್ನು ತಿನ್ನಲು ಶುರುಮಾಡುತ್ತದೆ. ಹೀಗೇ ಮಾಡುವುದಾದರೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಶುದ್ಧ ನೀರಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಒಣಗಿಸಿ.

ಅದಕ್ಕಿಂತ ಒಳ್ಳೆಯದು ಲೋಹವನ್ನೇ ಬದಲಿಸುವುದು. ಪಿನ್ನಿಗೆ ದುಡ್ಡೇ ಬೇಡ. ಸಿಎನ್‌ಸಿ ಇಟ್ಟುಕೊಂಡವರ ಡ್ರಾಯರಿನಲ್ಲಿ ಮುರಿದ ಎಂಡ್‌ಮಿಲ್‌ಗಳು ಇದ್ದೇ ಇರುತ್ತವೆ. 3.175 ಮಿ.ಮೀ. ಶ್ಯಾಂಕಿನ ಕಾರ್ಬೈಡ್ ಎಂಡ್‌ಮಿಲ್ ಎಂದರೆ ನುಣುಪಾಗಿ ಗ್ರೈಂಡ್ ಮಾಡಿದ ಕಾರ್ಬೈಡ್ ಸರಳು. ಡೈಮಂಡ್ ಡಿಸ್ಕಿನಲ್ಲಿ, ನೀರು ಬಿಡುತ್ತ, ಮಾಸ್ಕ್ ಹಾಕಿಕೊಂಡು ಬೇಕಾದ ಉದ್ದಕ್ಕೆ ಕತ್ತರಿಸಿದರೆ ಮೂರು ಪಿನ್ನು ಸಿದ್ಧ. ಕಾರ್ಬೈಡಿನ ದೂಳು ಶ್ವಾಸಕೋಶಕ್ಕೆ ಕೆಟ್ಟದು, ನೀರು ಬಿಡದೆ ಕತ್ತರಿಸಬೇಡಿ. ಪಿನ್ನುಗಳನ್ನು ಹಿಡಿದಿಡುವ ನಡುತುಂಡು, ಅಂದರೆ ಕಿಟ್‌ನ ಹಬ್ಬಿನಲ್ಲಿ 3 ಮಿ.ಮೀ. ತೂತಿರುವುದರಿಂದ ಅದನ್ನು 3.2ಕ್ಕೆ ಹಿಗ್ಗಿಸಿ ಎಪಾಕ್ಸಿಯಲ್ಲಿ ಕೂರಿಸಬೇಕು. ಹಬ್ಬು ಪ್ಲಾಸ್ಟಿಕ್ಕಿನದೇ ಆಗಿರಲಿ, ಲೋಹದ್ದಾದರೆ ಮೂರು ಪಿನ್ನೂ ಒಂದಕ್ಕೊಂದು ಶಾರ್ಟ್ ಆಗಿ, ಒಂದು ಪಿನ್ನು ಎದ್ದರೂ ಸರ್ಕಿಟ್ ತೆರೆಯದೆ ಹೋಗಬಹುದು. ಗುಂಡಿಗೆ 5 ಮಿ.ಮೀ.ಯ ಟಂಗ್‌ಸ್ಟನ್ ಕಾರ್ಬೈಡ್ ಗುಂಡು ತರಿಸಿ. ಇದಕ್ಕೆ ಬೆಸುಗೆ ಹತ್ತುವುದಿಲ್ಲ, ಬೆಳ್ಳಿಪುಡಿಯ ಕಂಡಕ್ಟಿವ್ ಎಪಾಕ್ಸಿ ಬೇಕು. ಸ್ಟೇನ್‌ಲೆಸ್ ಗುಂಡು ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ತುಕ್ಕು ಹಿಡಿಯದು ನಿಜ, ಆದರೆ ಸ್ಟೇನ್‌ಲೆಸ್ಸನ್ನು ತುಕ್ಕಿನಿಂದ ಕಾಯುವುದೇ ಅದರ ಮೇಲಿನ ಆಕ್ಸೈಡ್ ಪದರ, ಮೂರು ವೋಲ್ಟಿನ ಸಣ್ಣ ಕರೆಂಟಿಗೆ ಅದೇ ಅಡ್ಡಿ.

ಕರೆಂಟಿನ ಲೆಕ್ಕದಲ್ಲೂ ಕಿಟ್ ಜಿಪುಣತನ ಮಾಡಿದೆ. ಸರ್ಕಿಟ್ಟಿಗೆ ಕರೆಂಟ್ ಕೊಡಲು ಚಿಪ್ಪಿನ ಒಳಗಿನ ಪುಲ್‌ಅಪ್ ರೆಸಿಸ್ಟರನ್ನೇ ನಂಬಿಕೊಂಡಿದೆ. ಅದು 20ರಿಂದ 50 ಕಿಲೋ ಓಂ, ಅಂದರೆ ಗುಂಡುಗಳ ಮೂಲಕ ಹರಿಯುವುದು 0.1 ಮಿಲಿಆಂಪ್ ಆಸುಪಾಸು. ಇಷ್ಟು ಕಡಿಮೆ ಕರೆಂಟು ಸಂಪರ್ಕದ ಮೇಲಿನ ಪದರವನ್ನು ಸೀಳುವುದಿಲ್ಲ. ಹಾಗೆಂದು 4.7 ಕಿಲೋ ಓಂ ಹಾಕಿದರೆ ಮುಚ್ಚಿದ ಸರ್ಕಿಟ್ ಸದಾ 0.64 ಮಿಲಿಆಂಪ್ ಕುಡಿಯುತ್ತದೆ, 220 ಮಿಲಿಆಂಪ್‌ಅವರ್‌ನ ಸಿಆರ್2032 ಅದೊಂದಕ್ಕೇ ಎರಡು ವಾರದಲ್ಲಿ ಮುಗಿಯುತ್ತದೆ. ಹೊರಗಿನಿಂದ 10 ಕಿಲೋ ಓಂ ಹಾಕಿ, ಪ್ರೋಬಿನ ಬಾಡಿಯ ಮೇಲೆ ಒಂದು ಚಿಕ್ಕ ಸ್ಲೈಡ್ ಸ್ವಿಚ್ ಕೊಡಿ. ಕಿಟ್‌ನಲ್ಲಿ ಸ್ವಿಚ್ಚೇ ಇಲ್ಲ, ಇದು ಅರ್ಥವಾಗದ ವಿಷಯ.

ತೇವ, ದೂಳು ಒಳಗೆ ಹೋಗದಂತೆ ಸ್ಟೈಲಸಿನ ಸುತ್ತ ಒಂದು ಪರದೆ ಬೇಕು. ಮಕ್ಕಳ ಬಲೂನಿನ ಕತ್ತಿನ ಭಾಗ ಇದಕ್ಕೆ ಹೇಳಿಮಾಡಿಸಿದ್ದು: ಸಡಿಲವಾಗಿ, ಒಂದು ಮಡಿಕೆ ಉಳಿಯುವಂತೆ ಕಟ್ಟಬೇಕು. ಬಿಗಿಯಾಗಿ ಎಳೆದು ಕಟ್ಟಿದರೆ ರಬ್ಬರೇ ಸ್ಟೈಲಸನ್ನು ಒಂದು ಕಡೆ ಎಳೆದು ಎಕ್ಸ್ ಮತ್ತು ವೈ ಅಳತೆ ಕೆಡುತ್ತದೆ. ವರ್ಷಕ್ಕೊಮ್ಮೆ ಬದಲಿಸಿ, ರಬ್ಬರು ಅಂಟಂಟಾಗುತ್ತದೆ. ಹಲಸಿನ ಮರ ಕೊರೆಯುವವರಿಗೆ ಈ ಪರದೆ ಕಡ್ಡಾಯ, ಆ ಹಳದಿ ದೂಳು ಒಳಗೆ ಸೇರಿದರೆ ಗುಂಡಿನ ಸಂದಿನಿಂದ ತೆಗೆಯುವುದು ಸುಲಭವಲ್ಲ. ಬಳಸದಿದ್ದಾಗ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಸರ್ಕಿಟ್ ಬೋರ್ಡಿಗೆ ಕಾನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ಲೇಪ) ಹೊಡೆಯುವಾಗ ಗುಂಡುಗಳಿಗೆ ಟೇಪ್ ಸುತ್ತಲು ಮರೆಯಬೇಡಿ.

ಇನ್ನು ರೇಡಿಯೊ. ಇದು ಕಿಟ್‌ನ ಅತ್ಯುತ್ತಮ ಆಯ್ಕೆ. ಇಎಸ್‌ಪಿ32 ಹಾಕಿದ ಕಿಟ್‌ಗಳೂ ಇವೆ, ಆದರೆ ಅದು ವೈಫೈ ಕಳುಹಿಸುವಾಗ 200 ಮಿಲಿಆಂಪ್ ದಾಟುತ್ತದೆ, ಬಟನ್ ಸೆಲ್ಲಿನಿಂದ ಆಗದ ಕೆಲಸ. ಬ್ಲೂಟೂತ್ ಲೋ ಎನರ್ಜಿಯಲ್ಲಿ ಎರಡು ಮಾತುಕತೆಗಳ ನಡುವಿನ ಕನಿಷ್ಠ ಅಂತರ ಸಾಮಾನ್ಯವಾಗಿ 7.5 ಮಿಲಿಸೆಕೆಂಡ್, ಸಿಗ್ನಲ್ ಆ ಅಂತರದೊಳಗೆ ಯಾವಾಗ ಬೇಕಾದರೂ ತಲುಪಬಹುದು. ಎನ್‌ಆರ್‌ಎಫ್24 ಸ್ಟ್ಯಾಂಡ್‌ಬೈನಿಂದ ಎದ್ದು ಕಳುಹಿಸಲು 130 ಮೈಕ್ರೊಸೆಕೆಂಡ್ ಸಾಕು, 2 ಮೆಗಾಬಿಟ್ ವೇಗದಲ್ಲಿ ಒಂದು ಬೈಟಿನ ಪ್ಯಾಕೆಟ್ ಗಾಳಿಯಲ್ಲಿರುವುದು ಸುಮಾರು 40 ಮೈಕ್ರೊಸೆಕೆಂಡ್. ನಿಮಿಷಕ್ಕೆ 50 ಮಿ.ಮೀ. ವೇಗದಲ್ಲಿ ಮುಟ್ಟುವಾಗ ಒಂದು ಪೂರ್ಣ ಮಿಲಿಸೆಕೆಂಡ್ ತಡವಾದರೂ ತಪ್ಪುವುದು 0.83 ಮೈಕ್ರಾನ್. ಟಿ8 ಲೀಡ್‌ಸ್ಕ್ರೂ ಇರುವ ಮೆಷಿನ್ನಿನ ಒಂದು ಸ್ಟೆಪ್ಪೇ (1/16 ಮೈಕ್ರೊಸ್ಟೆಪ್) 2.5 ಮೈಕ್ರಾನ್, 20 ಹಲ್ಲಿನ ಬೆಲ್ಟ್ ಮೆಷಿನ್ನಿನದು 12.5. ಅಲ್ಲದೆ ಪ್ರತಿಸಲವೂ ಒಂದೇ ಪ್ರಮಾಣದಲ್ಲಿ ಆಗುವ ತಡ ಕ್ಯಾಲಿಬ್ರೇಶನ್ನಿನಲ್ಲಿ ಕಳೆದುಹೋಗುತ್ತದೆ. ಕಾಡುವುದು ಏರಿಳಿಯುವ ತಡ ಮಾತ್ರ.

ಆ ಏರಿಳಿತಕ್ಕೆ ಕಿಟ್ ಜಾಗ ಮಾಡಿಕೊಟ್ಟಿರುವುದು ಪ್ರೋಗ್ರಾಂನಲ್ಲಿ. ಮಾಡ್ಯೂಲನ್ನು ಪೂರ್ತಿ ಪವರ್‌ಡೌನ್ ಮಾಡಿ ಮಲಗಿಸುತ್ತದೆ, ಅಲ್ಲಿಂದ ಏಳಲು ಅದಕ್ಕೆ ಒಂದೂವರೆ ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಪ್ರೊ ಮಿನಿಯೂ ತನ್ನ ರೆಸೊನೇಟರ್ ಸ್ಥಿರವಾಗಲು 16 ಸಾವಿರ ಕ್ಲಾಕ್, ಅಂದರೆ 2 ಮಿಲಿಸೆಕೆಂಡ್ ಕಾಯುತ್ತದೆ. ಸ್ವಿಚ್ ಆನ್ ಇರುವಷ್ಟು ಹೊತ್ತು ರೇಡಿಯೊವನ್ನು 26 ಮೈಕ್ರೊಆಂಪಿನ ಸ್ಟ್ಯಾಂಡ್‌ಬೈನಲ್ಲೇ ಬಿಡಿ, ಚಿಪ್ಪಿನ ಫ್ಯೂಸ್ (ಅದರೊಳಗಿನ ಸೆಟ್ಟಿಂಗು) ಬದಲಿಸಿ ಒಳಗಿನ 8 ಮೆಗಾಹರ್ಟ್ಸ್ ಆಸಿಲೇಟರಿಗೆ ಹಾಕಿ. ಫ್ಯೂಸ್ ಬದಲಿಸುವಾಗಲೇ ಬ್ರೌನ್‌ಔಟ್ ಮಟ್ಟವನ್ನೂ ನೋಡಿ. ಪ್ರೊ ಮಿನಿಯಲ್ಲಿ ಅದು 2.7 ವೋಲ್ಟ್. ಅರ್ಧ ಹಳೆಯದಾದ ಬಟನ್ ಸೆಲ್ ರೇಡಿಯೊ ಕಳುಹಿಸುವ ಕ್ಷಣದಲ್ಲಿ ಅದಕ್ಕಿಂತ ಕೆಳಗೆ ಕುಸಿದು ಚಿಪ್ಪು ರೀಸೆಟ್ ಆಗುತ್ತದೆ, ಅದೂ ಸರಿಯಾಗಿ ಮುಟ್ಟಿದ ಹೊತ್ತಿಗೆ. ಮಟ್ಟವನ್ನು 1.8ಕ್ಕೆ ಇಳಿಸಿ, ಸೆಲ್ಲಿಗೆ ಅಡ್ಡಲಾಗಿ 100 ಮೈಕ್ರೊಫ್ಯಾರಡ್ ಕೆಪಾಸಿಟರ್ ಕೊಡಿ, ಸೆಲ್ಲಿನ ವೋಲ್ಟೇಜನ್ನು ಪ್ರೋಗ್ರಾಂನಲ್ಲೇ ಅಳೆದು 2.5ಕ್ಕೆ ಇಳಿದಾಗ ರಿಸೀವರಿನಲ್ಲಿ ಕೆಂಪು ದೀಪ ಹತ್ತುವ ಹಾಗೆ ಮಾಡಿ. ಸೆಲ್ ಉಳಿಸಲು ಪ್ರೊ ಮಿನಿಯ ಪವರ್ ಎಲ್‌ಇಡಿಯನ್ನೂ ರೆಗ್ಯುಲೇಟರನ್ನೂ ಕಿತ್ತು ಹಾಕಬೇಕು ಎಂದು ಬೇರೆ ಹೇಳಬೇಕಿಲ್ಲ.

ಚಾನೆಲ್ ವಿಷಯದಲ್ಲೂ ಒಂದು ಎಚ್ಚರಿಕೆ. ವೈಫೈ ತಂಟೆ ತಪ್ಪಿಸಲು ಚಾನೆಲ್ 100ಕ್ಕಿಂತ ಮೇಲೆ ಇಡಿ ಎಂದು ಕೈಪಿಡಿ ಹೇಳುತ್ತದೆ. ಈ ಮಾಡ್ಯೂಲಿನಲ್ಲಿ ಚಾನೆಲ್ ಸಂಖ್ಯೆಯನ್ನು 2400ಕ್ಕೆ ಕೂಡಿಸಿದರೆ ಮೆಗಾಹರ್ಟ್ಸ್ ಸಿಗುತ್ತದೆ. 100 ಎಂದರೆ 2500, ಲೈಸೆನ್ಸ್ ಬೇಡದ ಪಟ್ಟಿ ಮುಗಿಯುವುದು 2483.5ಕ್ಕೆ. 80ನ್ನು ಇಟ್ಟುಕೊಳ್ಳಿ. ಅದು ಪಟ್ಟಿಯೊಳಗೂ ಇದೆ, ವೈಫೈಯ 11ನೇ ಚಾನೆಲ್ಲಿನಿಂದ ಆಚೆಗೂ ಇದೆ.

ಈಗ ದೊಡ್ಡ ದೋಷ. ಕಿಟ್‌ನ ಪ್ರೋಗ್ರಾಂ ಮುಟ್ಟಿದಾಗ ಮಾತ್ರ ಮಾತಾಡುತ್ತದೆ. ಸೆಲ್ ಸತ್ತರೆ, ಮಾಡ್ಯೂಲಿನ ಪಿನ್ನು ಸಡಿಲವಾದರೆ, ನೀವು ಕೊಟ್ಟ ಸ್ವಿಚ್ಚನ್ನು ಆನ್ ಮಾಡಲು ಮರೆತರೆ ರಿಸೀವರಿಗೆ ಗೊತ್ತೇ ಆಗುವುದಿಲ್ಲ. ಝಡ್ ಇಳಿಯುತ್ತಲೇ ಹೋಗುತ್ತದೆ, ಮಾಣಿಕ್ಯದ ಸ್ಟೈಲಸ್ ಕಟ್ ಅನ್ನುತ್ತದೆ. ಸರಿಯಾದ ಕ್ರಮ ಮಿಡಿತ: ವಾಚ್‌ಡಾಗ್ ಟೈಮರಿನಿಂದ 32 ಮಿಲಿಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂಬ ಪ್ಯಾಕೆಟ್, 100 ಮಿಲಿಸೆಕೆಂಡ್ ಸದ್ದಿಲ್ಲದಿದ್ದರೆ ರಿಸೀವರ್ ಅದನ್ನೇ ‘ಮುಟ್ಟಿತು’ ಎಂದು ತಿಳಿಯಬೇಕು. ನಿಮಿಷಕ್ಕೆ 300 ಮಿ.ಮೀ. ವೇಗದಲ್ಲಿ 100 ಮಿಲಿಸೆಕೆಂಡಿಗೆ ಆಗುವ ಓಟ ಅರ್ಧ ಮಿ.ಮೀ., ಸ್ಪ್ರಿಂಗ್ ಅದನ್ನು ನುಂಗಿಕೊಳ್ಳುತ್ತದೆ. ಇಷ್ಟೆಲ್ಲ ಮಿಡಿದೂ ಒಂದು ಸಿಆರ್2032 ಆನ್ ಇರುವ ಹೊತ್ತಿನ ಲೆಕ್ಕದಲ್ಲಿ 250 ಗಂಟೆಯ ಆಸುಪಾಸು ಬರಬೇಕು. ವಾರಕ್ಕೆ ಮೂರು ಗಂಟೆ ಬಳಸುವವರಿಗೆ ಅದು ಒಂದು ವರ್ಷಕ್ಕಿಂತ ಹೆಚ್ಚು.

ರಿಸೀವರಿನಿಂದ ಕಂಟ್ರೋಲರಿಗೆ ಪಿಸಿ817 ಆಪ್ಟೊಕಪ್ಲರ್ (ಬೆಳಕಿನಿಂದ ಸಿಗ್ನಲ್ ದಾಟಿಸುವ ಚಿಪ್ಪು) ಮೂಲಕ ಹೋಗಿ, ಅದೂ ತಲೆಕೆಳಗಾಗಿ. ಪ್ರೋಬ್ ಸುಮ್ಮನಿದ್ದಾಗ ಆಪ್ಟೊದ ದೀಪ ಹತ್ತಿರಲಿ, ಮುಟ್ಟಿದಾಗ ಆರಲಿ. ಆರ್ಡುಯಿನೊ ಊನೊದ ಜಿಆರ್‌ಬಿಎಲ್‌ನಲ್ಲಿ ಪ್ರೋಬ್ ಪಿನ್ನು ಎ5. ಹೀಗೆ ಜೋಡಿಸಿ, ಪ್ರೋಬ್ ಪಿನ್ನಿನ ಅರ್ಥವನ್ನು ತಿರುಗಿಸುವ $6=1 ಸೆಟ್ಟಿಂಗ್ ಕೊಟ್ಟರೆ ವೈರು ತುಂಡಾದರೂ, ಮೆಸ್ಕಾಂ ಕರೆಂಟ್ ಹೋಗಿ ರಿಸೀವರ್ ಒಂದೇ ಸತ್ತರೂ ‘ಮುಟ್ಟಿತು’ ಎಂದೇ ಓದಿಕೊಳ್ಳುತ್ತದೆ, ಪ್ರೋಬಿಂಗ್ ಶುರುವಾಗುವ ಮೊದಲೇ ಅಲಾರಂ 4 ಬಂದು ನಿಲ್ಲುತ್ತದೆ. ನ್ಯಾನೊದ 3.3 ವೋಲ್ಟ್ ಪಿನ್ನಿನಿಂದ ರೇಡಿಯೊಗೆ ಕರೆಂಟ್ ಕೊಡಬೇಡಿ. ಸಿಎಚ್340 ಚಿಪ್ಪಿನ ನ್ಯಾನೊಗಳಲ್ಲಿ ಅದು ಬಹಳ ಸೊರಗಿದ ಮೂಲ. ಎಎಂಎಸ್1117 ಇರುವ ಅಡಾಪ್ಟರ್ ಬೋರ್ಡು ಹಾಕಿ, ಮಾಡ್ಯೂಲಿನ ಕಾಲಿಗೇ 10 ಮೈಕ್ರೊಫ್ಯಾರಡ್ ಬೆಸುಗೆ ಹಾಕಿ. ‘ಕೆಲವೊಮ್ಮೆ ಮಾತ್ರ ಕೆಲಸ ಮಾಡುತ್ತದೆ’ ಎನ್ನುವ ಎನ್‌ಆರ್‌ಎಫ್24ರ ದೂರುಗಳಿಗೆ ಹೆಚ್ಚಾಗಿ ಇದೇ ಕಾರಣ.

ಒಂದು ಮಿತಿ ತಿಳಿದಿರಲಿ: ಜಿಆರ್‌ಬಿಎಲ್ ಪ್ರೋಬ್ ಪಿನ್ನನ್ನು ಗಮನಿಸುವುದು ಜಿ38 ಎಂಬ ಪ್ರೋಬಿಂಗ್ ಆಜ್ಞೆಗಳು ನಡೆಯುವಾಗ ಮಾತ್ರ. ಜಿ0ಯಲ್ಲಿ (ಸಾಮಾನ್ಯ ವೇಗದ ಓಟ) ಅಡ್ಡ ಓಡುವಾಗ ಕ್ಲ್ಯಾಂಪಿಗೆ ಬಡಿದರೆ ಅದು ಲೆಕ್ಕಿಸುವುದಿಲ್ಲ. ಬಿಂದುವಿನಿಂದ ಬಿಂದುವಿಗೆ ಹೋಗುವ ಓಟಕ್ಕೂ ಜಿ38.3 ಬಳಸಿದರೆ ಆ ಅಪಾಯ ಕಡಿಮೆ. ಇನ್ನೊಂದು, ಪ್ರೋಬ್ ಕೋಲೆಟ್ಟಿನಲ್ಲಿರುವಾಗ ಸ್ಪಿಂಡಲ್ ತಿರುಗದಂತೆ ವಿಎಫ್‌ಡಿಯನ್ನೇ ಆಫ್ ಮಾಡಿ. ಸ್ಪಿಂಡಲ್ ನಿಲ್ಲಿಸುವ ಎಂ5 ಆಜ್ಞೆ ಕೊಟ್ಟಿದ್ದೇನೆ ಎಂಬ ಧೈರ್ಯ ಸಾಲದು.

ಜೋಡಣೆ ಮುಗಿದ ಮೇಲೆ ಸ್ಟೈಲಸ್ ತುದಿಯನ್ನು ಸ್ಪಿಂಡಲಿನ ನಡುವಿಗೆ ತರಬೇಕು. ಬಾಡಿಯ ಮೇಲೆ ನಾಲ್ಕು ಎಂ3 ಗ್ರಬ್ ಸ್ಕ್ರೂ ಇವೆ. ಲಿವರ್ ಡಯಲ್ ಗೇಜನ್ನು ಮಾಣಿಕ್ಯದ ಗುಂಡಿಗೆ ಮೆಲ್ಲಗೆ ತಾಗಿಸಿ, ಸ್ಪಿಂಡಲನ್ನು ಕೈಯಲ್ಲಿ ತಿರುಗಿಸುತ್ತ ಎದುರುಬದಿರು ಸ್ಕ್ರೂಗಳನ್ನು ಒಂದು ಸಡಿಲಿಸಿ ಒಂದು ಬಿಗಿದು 0.02 ಮಿ.ಮೀ.ಯೊಳಗೆ ತನ್ನಿ. ಗೇಜಿನ ಒತ್ತಡಕ್ಕೆ ಪಿನ್ನು ಏಳದಿರಲು ಸ್ಪ್ರಿಂಗನ್ನು ತಾತ್ಕಾಲಿಕವಾಗಿ ಬಿಗಿ ಮಾಡಿಕೊಳ್ಳಿ. ಡಯಲ್ ಗೇಜ್ ಇಲ್ಲದವರು ಪ್ರತಿ ಬದಿಯನ್ನೂ ಎರಡು ಸಲ, ನಡುವೆ ಪ್ರೋಬನ್ನು 180 ಡಿಗ್ರಿ ತಿರುಗಿಸಿ ಅಳೆದು ಸರಾಸರಿ ತೆಗೆಯಬಹುದು. ತುದಿ ಓರೆಯಾಗಿರುವ ತಪ್ಪು ಅದರಲ್ಲಿ ರದ್ದಾಗುತ್ತದೆ.

ಕ್ಯಾಲಿಬ್ರೇಶನ್ನಿಗೆ ರಿಂಗ್ ಗೇಜ್ ಕೊಳ್ಳಬೇಕಿಲ್ಲ, ಯಾವುದೇ ಬೇರಿಂಗ್ ಅಂಗಡಿಯಲ್ಲಿ ಸಿಗುವ ಹೊಸ 6204 ಬೇರಿಂಗ್ ಸಾಕು. ಅದರ ಒಳತೂತು 20 ಮಿ.ಮೀ., ಸಾಮಾನ್ಯ ದರ್ಜೆಯಲ್ಲೂ 10 ಮೈಕ್ರಾನಿಗಿಂತ ಹೆಚ್ಚು ಕಿರಿದಾಗಿರುವುದಿಲ್ಲ. ಒಳರಿಂಗು ಅಲುಗಾಡುವುದರಿಂದ ಸಮತಟ್ಟಾದ ಅಕ್ರಿಲಿಕ್ ತುಂಡಿನ ಮೇಲೆ ಒಳ, ಹೊರ ಎರಡೂ ರಿಂಗುಗಳನ್ನು ಫೆವಿಕ್ವಿಕ್ಕಿನ ಪುಟ್ಟ ಹನಿಗಳಿಂದ ಅಂಟಿಸಿ ಮೇಜಿಗೆ ಬಿಗಿಯಿರಿ. ತೂತಿನೊಳಗೆ ಎಡದಿಂದ ಬಲಕ್ಕೆ ಓಡಿದ ದೂರ 18.06 ಬಂತೆನ್ನಿ. 20ರಿಂದ ಕಳೆದರೆ 1.94, ಇದೇ ನಿಮ್ಮ ಗುಂಡಿನ ಪರಿಣಾಮಕಾರಿ ವ್ಯಾಸ, 2 ಅಲ್ಲ. ತಾಗಿದ ಮೇಲೂ ಪಿನ್ನು ಏಳುವವರೆಗೆ ಸ್ಟೈಲಸ್ ಸ್ವಲ್ಪ ಬಾಗಿ ಓಡುವುದರಿಂದ ಈ ವ್ಯತ್ಯಾಸ. ಮೂರು ಪಿನ್ನಿನ ರಚನೆಯಲ್ಲಿ ಈ ಬಾಗು ಎಲ್ಲ ದಿಕ್ಕಿಗೂ ಒಂದೇ ಅಲ್ಲ, ಹಾಗಾಗಿ ಎಕ್ಸ್‌ಗೂ ವೈಗೂ ಬೇರೆ ಬೇರೆ ಸಂಖ್ಯೆ ಬರೆದಿಟ್ಟುಕೊಳ್ಳಿ, ಪ್ರೋಬನ್ನು ಕೋಲೆಟ್ಟಿನಲ್ಲಿ ಪ್ರತಿಸಲ ಒಂದೇ ದಿಕ್ಕಿಗೆ ಕೂರಿಸಲು ಬಾಡಿಯ ಮೇಲೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಡಿ.

ಅಳೆಯುವ ಕ್ರಮ ಎರಡು ಹಂತದ್ದು. ಜಿ38.2 ಎಫ್200ರಲ್ಲಿ (ನಿಮಿಷಕ್ಕೆ 200 ಮಿ.ಮೀ.) ಹುಡುಕಿ, 2 ಮಿ.ಮೀ. ಹಿಂದೆ ಬಂದು, ಎಫ್50ರಲ್ಲಿ ಮತ್ತೆ ಮುಟ್ಟಬೇಕು. ಎರಡನೆಯದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಹೊಸ ಪ್ರೋಬನ್ನು ಒಪ್ಪಿಕೊಳ್ಳುವ ಮೊದಲು ಒಂದೇ ಜಾಗವನ್ನು ಹತ್ತು ಸಲ ಮುಟ್ಟಿಸಿ, ಓದಿಕೆ ತೋರಿಸುವ $# ಆಜ್ಞೆ ಕೊಟ್ಟು ಸಂಖ್ಯೆ ಬರೆದುಕೊಳ್ಳಿ. ಝಡ್ ಸ್ಥಿರವಾಗಿ ಬಂದು ಎಕ್ಸ್, ವೈ ಕುಣಿದರೆ ಎಂ2 ಥ್ರೆಡ್ಡಿನಲ್ಲಿ ಸ್ಟೈಲಸ್ ಸಡಿಲವಿದೆ ಅಥವಾ ಮೆಷಿನ್ನಿನ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸುವಾಗಿನ ಸಡಿಲ). ಮೂರೂ ಕುಣಿದರೆ ಸಂಪರ್ಕ ಕೊಳೆಯಾಗಿದೆ. ಓದಿಕೆ ಒಂದೇ ದಿಕ್ಕಿಗೆ ಸರಿಯುತ್ತ ಹೋದರೆ ಕೋಲೆಟ್ಟಿನಲ್ಲಿ ಶ್ಯಾಂಕ್ ಜಾರುತ್ತಿದೆ. ಮರದ ಮೇಲೆ ಈ ಪರೀಕ್ಷೆ ಮಾಡಬೇಡಿ, ನಾರು ತಗ್ಗುತ್ತದೆ. ಮಳೆಗಾಲದಲ್ಲಿ ಹಲಗೆಯೇ ಉಬ್ಬುವಾಗ 10 ಮೈಕ್ರಾನಿನ ಜಗಳಕ್ಕೆ ಅರ್ಥವೂ ಇಲ್ಲ.

ಬಾಡಿಯನ್ನು ಹೊಸದಾಗಿ ಕಡೆಸಬೇಕೆನ್ನುವವರಿಗೆ ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಶಿವಳ್ಳಿ ಇಂಡಸ್ಟ್ರಿಯಲ್ ಏರಿಯಾಗಳಲ್ಲಿ ಲೇತ್ ಕೆಲಸದವರಿದ್ದಾರೆ. ಒಂದೇ ತುಂಡಿನ ಕೆಲಸವನ್ನು ಅವಸರಕ್ಕೆ ಕೇಳಬೇಡಿ, ಸ್ಕೆಚ್ಚಿನಲ್ಲಿ ಶ್ಯಾಂಕ್ ಮತ್ತು ಗುಂಡು ಕೂರುವ ಮುಖ ‘ಒಂದೇ ಹಿಡಿತದಲ್ಲಿ ಕಡೆಯಬೇಕು’ ಎಂದು ಬರೆದುಕೊಡಿ. ಇಲ್ಲದಿದ್ದರೆ ತುಂಡನ್ನು ತಿರುಗಿಸಿ ಹಿಡಿದಾಗ ಎರಡರ ನಡು ತಪ್ಪುತ್ತದೆ, ನಾಲ್ಕು ಗ್ರಬ್ ಸ್ಕ್ರೂ ಅದನ್ನೆಲ್ಲ ಸರಿದೂಗಿಸಲಾರವು. ರೇಡಿಯೊ ಮಾಡ್ಯೂಲು ಒಂದಕ್ಕೆ ನೂರೈವತ್ತು ರೂಪಾಯಿಗಿಂತ ಹೆಚ್ಚು ಕೊಡಬೇಕಿಲ್ಲ. ನಕಲಿ ಚಿಪ್ಪುಗಳು ಓಡಾಡುತ್ತಿರುವುದರಿಂದ ಒಂದೇ ಕಡೆಯಿಂದ ಮೂರು ತಂದು, ಹೊಂದಿಕೊಂಡ ಜೋಡಿಯನ್ನು ಹಾಕಿ.

ಐದಕ್ಕೆ ಅಂಕ ಕೊಡುವುದಾದರೆ ಬಾಡಿ ಮತ್ತು ಸ್ಟೈಲಸಿಗೆ ನಾಲ್ಕು, ರೇಡಿಯೊ ಆಯ್ಕೆಗೆ ನಾಲ್ಕೂವರೆ, ಗುಂಡು ಮತ್ತು ಪಿನ್ನಿಗೆ ಒಂದೂವರೆ, ಪ್ರೋಗ್ರಾಂಗೆ ಒಂದು. ಮಾರುವವರು ಬರಿಯ ಬಾಡಿ, ಹಬ್ಬು, ಸ್ಟೈಲಸ್ ಮಾತ್ರ ಬೇರೆಯಾಗಿ ಕೊಡುತ್ತಾರೆಯೇ ಎಂದು ಕೇಳಿ ನೋಡಿ. ಕೊಟ್ಟರೆ ಅಷ್ಟನ್ನೇ ಕೊಂಡು ಉಳಿದದ್ದನ್ನು ಇಲ್ಲೇ ಜೋಡಿಸಿಕೊಳ್ಳಿ. ಸ್ಟೈಲಸ್ ಮಾತ್ರ ಎರಡು ತರಿಸಿ. ಮೊದಲನೆಯದು ಕಲಿಯುವ ವಾರದಲ್ಲೇ ಮುರಿಯುತ್ತದೆ.